ಪೆಂಟಿಯಂ 3ರಲ್ಲಿ ಒತ್ತಕ್ಷರ ತಪ್ಪದ ಕನ್ನಡ

ನಾನು ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುವವಳು. ಲಗ್ನಪತ್ರಿಕೆ, ಕರಪತ್ರ, ಸಂಘದ ಸ್ಮರಣ ಸಂಚಿಕೆ, ಇದೇ ನನ್ನ ದಿನದ ಕೆಲಸ. ಅಂಗಡಿಯ ಮೊದಲ ಕಂಪ್ಯೂಟರನ್ನು ನಾನು ಗುಜರಿಗೆ ಹಾಕಿಲ್ಲ. ಇಂಟೆಲ್ 815 ಚಿಪ್‌ಸೆಟ್‌ನ ಬೋರ್ಡು, 1 ಗಿಗಾಹರ್ಟ್ಸ್ ಪೆಂಟಿಯಂ 3, 20 ಜಿಬಿ ಹಾರ್ಡ್ ಡಿಸ್ಕ್. ಈಗ ಅದರಲ್ಲಿ ಆಂಟಿಎಕ್ಸ್ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ (ಓಎಸ್) ಓಡುತ್ತಿದೆ. ಓಡುವುದಷ್ಟೇ ಅಲ್ಲ, ಯೂನಿಕೋಡ್ ಕನ್ನಡವನ್ನು ಸರಿಯಾಗಿ ಟೈಪ್ ಮಾಡಬಹುದು. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ಕೆಳಗಿಳಿಸಿ. ಏನೇನು ಮಾಡಬೇಕು ಅಂತ ಹೇಳುತ್ತೇನೆ.

ಕರೆಂಟ್ ಕೊಡುವ ಮೊದಲು ಕ್ಯಾಬಿನೆಟ್ ಬಿಚ್ಚಿ. ಬ್ರಶ್ ತಗೊಂಡು ಧೂಳು ತೆಗೆಯಿರಿ. ಆಮೇಲೆ ಪ್ರೊಸೆಸರ್ ಸುತ್ತ ನಿಂತಿರುವ, ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿದ್ದರೆ ಸರಿ. ಉಬ್ಬಿದ್ದರೆ ಅಥವಾ ಕಂದು ಬಣ್ಣದ ಅಂಟು ಸೋರಿದ್ದರೆ ಆನ್ ಮಾಡಬೇಡಿ. 2000ರ ಆಸುಪಾಸಿನ ಬೋರ್ಡುಗಳಲ್ಲಿ ಇದು ತೀರಾ ಸಾಮಾನ್ಯ ಕಾಯಿಲೆ. ಟಿವಿ ರಿಪೇರಿ ಮಾಡುವವರ ಹತ್ತಿರ ಕೊಟ್ಟರೆ ಬದಲಿಸಿಕೊಡುತ್ತಾರೆ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 'ಲೋ ಇಎಸ್‌ಆರ್' (ಒಳಗಿನ ರೋಧ ಕಡಿಮೆ ಇರುವ) ಕೆಪಾಸಿಟರೇ ಬೇಕು ಎಂದು ಹೇಳಿ. ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಡಬ್ಬವನ್ನೂ ಹಳೇ ಸಿಆರ್‌ಟಿ ಮಾನಿಟರನ್ನೂ ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಸೆಲ್ ಇರುತ್ತದೆ. ಅದನ್ನು ಕಣ್ಣು ಮುಚ್ಚಿ ಬದಲಿಸಿ. ಸೆಲ್ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಆಗ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ಒಪ್ಪುವುದಿಲ್ಲ, ಲಿನಕ್ಸ್ ಪ್ಯಾಕೇಜ್‌ಗಳೂ ಇಳಿಯುವುದಿಲ್ಲ. ನೆಟ್ ಕೆಟ್ಟಿದೆ ಅಂತ ತಲೆ ಕೆಡಿಸಿಕೊಳ್ಳುವ ಎಷ್ಟೋ ಜನರ ಸಮಸ್ಯೆ ಈ ಸೆಲ್ಲೇ.

ರ್‍ಯಾಮ್ ಕಡ್ಡಿ ತೆಗೆದು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಮತ್ತೆ ಹಾಕಿ. 815 ಬೋರ್ಡು 512 ಎಂಬಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಆದರೆ ಆ 512 ಪೂರ್ತಿ ಇರಲಿ. ಪಿಸಿ133 ಎಸ್‌ಡಿರ್‍ಯಾಮ್ ಕೇಳಿ. ನನಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಹಾಕಿದ ಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂ ಓಡಿಸಿ. ಕೆಂಪು ಸಾಲು ಒಂದೇ ಒಂದು ಬಂದರೂ ಆ ಕಡ್ಡಿ ಬೇಡ.

ಅಗಲ ರಿಬ್ಬನ್ ಕೇಬಲ್‌ನ ಹಳೇ ಐಡಿಇ ಹಾರ್ಡ್ ಡಿಸ್ಕ್ ಕಿರುಗುಟ್ಟುತ್ತಿದ್ದರೆ ಅದರ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಬಹುದು. ಕ್ಯಾಮೆರಾಗೆ ಹಾಕುತ್ತಿದ್ದ ಆ ಕಾರ್ಡ್‌ಗೆ ಐಡಿಇ ಭಾಷೆ ಹುಟ್ಟಿನಿಂದಲೇ ಗೊತ್ತು. ಅದಕ್ಕೇ ಅಡಾಪ್ಟರ್ ತುಂಬಾ ಸರಳ, ಅಗ್ಗ. ಅಡಾಪ್ಟರಿನ ಜಂಪರ್ (ಪಿನ್‌ಗಳ ಮೇಲೆ ಕೂರುವ ಪುಟ್ಟ ಕ್ಯಾಪ್) 'ಮಾಸ್ಟರ್' ಜಾಗದಲ್ಲಿದೆಯಾ ನೋಡಿಕೊಳ್ಳಿ.

ಇನ್ನು ಯಾವ ಓಎಸ್? ಇದಕ್ಕೆ ಉತ್ತರ ನಿಮ್ಮ ಪ್ರೊಸೆಸರ್ ಹೇಳುತ್ತದೆ. ಎಂಟು-ಹದಿನಾರು ಎಂಬಿ ರ್‍ಯಾಮ್‌ನ ಮೊದಲ ಪೆಂಟಿಯಂ ಆದರೆ ಕೊಲಿಬ್ರಿಓಎಸ್ ಹಾಕಿ. ಬಹುಪಾಲು ಅಸೆಂಬ್ಲಿಯಲ್ಲಿ (ಪ್ರೊಸೆಸರಿನ ಭಾಷೆಗೆ ತೀರಾ ಹತ್ತಿರದ್ದು) ಬರೆದದ್ದು, ಕಿಟಕಿ-ಮೌಸ್ ಎಲ್ಲ ಸೇರಿ 1.44 ಎಂಬಿಯ ಒಂದು ಫ್ಲಾಪಿಯೊಳಗೆ ಕೂರುತ್ತದೆ. ಇಂಥದ್ದೊಂದನ್ನು ಮನುಷ್ಯರು ಕೂತು ಬರೆದು ಪುಕ್ಕಟೆ ಕೊಟ್ಟಿದ್ದಾರೆ ಅಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಡಾಸ್ ಆಟ ಆಡುವುದಿದ್ದರೆ ಫ್ರೀಡಾಸ್ ಇದೆ. 1994ರಲ್ಲಿ ಶುರುವಾದ ಆ ಕೆಲಸ ಈಗಲೂ ನಡೆಯುತ್ತಿದೆ. ಆದರೆ ಇವೆರಡರಲ್ಲೂ ಕನ್ನಡದ ಆಸೆ ಬೇಡ.

ಕನ್ನಡ ಬೇಕೆಂದರೆ ಪೆಂಟಿಯಂ 3 ಅಥವಾ ಮೇಲಿನದು ಮತ್ತು ಆಂಟಿಎಕ್ಸ್ 23. ಇದು ಡೆಬಿಯನ್ 12 ಎಂಬ ಲಿನಕ್ಸ್‌ನ ಮೇಲೆ ಕಟ್ಟಿದ್ದು, ಹಳೇ ಪ್ರೊಸೆಸರ್‌ಗಳಿಗೆ ಬೇಕಾದ 32-ಬಿಟ್ ಆವೃತ್ತಿ ಇದೆ. ಒಂದು ವಿಷಯ ಈಗಲೇ ತಿಳಿದುಕೊಳ್ಳಿ. ಎಸ್‌ಎಸ್‌ಇ2 ಎಂಬ ಸೂಚನೆಗಳ ಗುಂಪು ಪೆಂಟಿಯಂ 4ರಿಂದ ಬಂತು. ಈಗಿನ ಫೈರ್‌ಫಾಕ್ಸ್, ಕ್ರೋಮ್ ಎರಡಕ್ಕೂ ಅದು ಬೇಕೇ ಬೇಕು. ಪೆಂಟಿಯಂ 3ರಲ್ಲಿ ಅವು ತೆರೆಯುವುದೇ ಇಲ್ಲ. ಎಷ್ಟು ರ್‍ಯಾಮ್ ತುಂಬಿದರೂ ಇದು ಬದಲಾಗುವುದಿಲ್ಲ. ಹಳೇ ಪೆಂಟಿಯಂ ಎಂ ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೊಂದು ತೊಡಕು: ಕೆಲವು ಮಾದರಿಗಳು ತಮಗೆ ಪಿಎಇ (ಹೆಚ್ಚು ಮೆಮೊರಿ ಬಳಸುವ ಸೌಲಭ್ಯ) ಬರುತ್ತದೆಂದು ಹೇಳಿಕೊಳ್ಳುವುದಿಲ್ಲ. ಕರ್ನಲ್ (ಓಎಸ್‌ನ ತಿರುಳು) ತಕರಾರು ಮಾಡಿದರೆ ಬೂಟ್ ಸಾಲಿನ ಕೊನೆಗೆ 'ಫೋರ್ಸ್‌ಪಿಎಇ' (forcepae) ಎಂದು ಸೇರಿಸಿ.

ಆಂಟಿಎಕ್ಸ್‌ನ ಪೂರ್ಣ ಆವೃತ್ತಿಗೆ ಡಿವಿಡಿ ಬೇಕು. ನಾನು ಕೋರ್ ಆವೃತ್ತಿಯನ್ನೇ ಹೇಳುತ್ತೇನೆ, ಅದು ಒಂದು ಸಿಡಿಯಲ್ಲಿ ಹಿಡಿಯುತ್ತದೆ. ಈ ಕಾಲದ ಬೋರ್ಡು ಯುಎಸ್‌ಬಿಯಿಂದ ಬೂಟ್ ಆಗುವುದು ಕಷ್ಟ. ಅದಕ್ಕೆ ನೆರವಾಗುವ ಪ್ಲಾಪ್ ಬೂಟ್ ಮ್ಯಾನೇಜರ್ ಎಂಬ ಪ್ರೋಗ್ರಾಂ ಹಾಕಿ ಬೂಟ್ ಮಾಡಿದರೂ ಯುಎಸ್‌ಬಿ 1.1 ಸೆಕೆಂಡಿಗೆ ಒಂದು ಎಂಬಿಯ ಹತ್ತಿರವಷ್ಟೇ ಓದುತ್ತದೆ. ಸಿಡಿಯೇ ವಾಸಿ. ಅದನ್ನು ನಿಧಾನ ವೇಗದಲ್ಲಿ ಬರ್ನ್ ಮಾಡಿ, ಹಳೇ ಡ್ರೈವ್ ಆಗ ಚೆನ್ನಾಗಿ ಓದುತ್ತದೆ. ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಮೊದಲ ಬೂಟ್ ಸಿಡಿ ಅಂತ ಇಡಿ, ತಾರೀಖು ಸರಿ ಮಾಡಿ. ಸಿಡಿಯಿಂದ ಬೂಟ್ ಆದ ಮೇಲೆ ಲಾಗಿನ್ ಹೆಸರು 'ಡೆಮೊ' (demo), ಪಾಸ್‌ವರ್ಡೂ 'ಡೆಮೊ'. ಆಮೇಲೆ 'ಸುಡೊ ಸಿಎಲ್‌ಐ-ಇನ್‌ಸ್ಟಾಲರ್' (sudo cli-installer) ಎಂಬ ಆಜ್ಞೆ ಕೊಡಿ. ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಹೋದರೆ ಸಾಕು.

ಕೋರ್‌ನಲ್ಲಿ ಬರೀ ಕಪ್ಪು ಪರದೆ. ಲ್ಯಾನ್ ಕೇಬಲ್ ಸಿಕ್ಕಿಸಿ. ಬೋರ್ಡಿನಲ್ಲಿ ಲ್ಯಾನ್ ಇಲ್ಲದಿದ್ದರೆ ರಿಯಲ್‌ಟೆಕ್ 8139 ಚಿಪ್‌ನ ಪಿಸಿಐ ಕಾರ್ಡ್ ಹಾಕಿ, ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ಪ್ಯಾಕೇಜ್ ಇಳಿಸುವ 'ಆಪ್ಟ್' (apt) ಆಜ್ಞೆಯ ಮೂಲಕ ಪರದೆಗೆ ಚಿತ್ರ ತರುವ ಎಕ್ಸ್‌ಆರ್ಗ್, ಕಿಟಕಿಗಳನ್ನು ನಿಭಾಯಿಸುವ ಐಸ್‌ಡಬ್ಲ್ಯುಎಂ, ಗೀನಿ ಎಡಿಟರ್, ನೆಟ್‌ಸರ್ಫ್ ಬ್ರೌಸರಿನ ಜಿಟಿಕೆ ಆವೃತ್ತಿ ಇಳಿಸಿಕೊಳ್ಳಿ (ಜಿಟಿಕೆ ಅಂದರೆ ಕಿಟಕಿ-ಗುಂಡಿ ಕಟ್ಟುವ ಲೈಬ್ರರಿ). ಜೊತೆಗೆ ಫಾಂಟ್ಸ್-ಗುಬ್ಬಿ (fonts-gubbi), ಫಾಂಟ್ಸ್-ನವಿಲು (fonts-navilu). ಇವು ಎರಡು ಕನ್ನಡ ಫಾಂಟ್‌ಗಳ ಪ್ಯಾಕೇಜುಗಳು. ನನಗೆ ನವಿಲು ಇಷ್ಟ, ಸಣ್ಣ ಗಾತ್ರದಲ್ಲೂ ಒತ್ತು ಕಲಸಿಹೋಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಗುರ ಪ್ರೋಗ್ರಾಂ ಅಂದ ತಕ್ಷಣ ಎಲ್ಲರೂ ಡಿಲ್ಲೊ ಬ್ರೌಸರ್ ಹೇಳುತ್ತಾರೆ. ವೇಗ ನಿಜ. ಆದರೆ ಅದರಲ್ಲಿ ಕನ್ನಡ ಪುಟ ತೆರೆದು ನೋಡಿ. 'ಕನ್ನಡ' ಎಂಬ ಪದದಲ್ಲಿ ಎರಡನೇ ನ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿರುತ್ತದೆ. ಫಾಂಟ್ ಇದ್ದರೆ ಮಾತ್ರ ಸಾಲದು. ಅಕ್ಷರಗಳನ್ನು ಜೋಡಿಸಿ ಒತ್ತು ಕಟ್ಟುವ ಕೆಲಸ ಇನ್ನೊಂದು ಲೈಬ್ರರಿಯದು. ಜಿಟಿಕೆ ಪ್ರೋಗ್ರಾಂಗಳಲ್ಲಿ ಪ್ಯಾಂಗೊ ಆ ಕೆಲಸ ಮಾಡುತ್ತದೆ. ಡಿಲ್ಲೊ ನಿಂತಿರುವುದು ಎಫ್‌ಎಲ್‌ಟಿಕೆ 1.3 ಎಂಬ ಬೇರೆ ಲೈಬ್ರರಿಯ ಮೇಲೆ, ಅದರಲ್ಲಿ ಆ ಜೋಡಣೆ ಇಲ್ಲ. ಹಾಗಾಗಿ ನಾನು ಎಡಿಟರ್ ಆಗಲಿ, ಬ್ರೌಸರ್ ಆಗಲಿ, ಜಿಟಿಕೆಯದನ್ನೇ ಆರಿಸುತ್ತೇನೆ. ಹತ್ತು ಎಂಬಿ ಜಾಸ್ತಿ ತಿಂದರೆ ತಿನ್ನಲಿ, ನಮ್ಮ ಅಕ್ಷರ ಮುರಿಯಬಾರದು ಅಲ್ವಾ?

ಕೀಬೋರ್ಡ್‌ಗೆ ಬೇರೆ ಸಾಫ್ಟ್‌ವೇರೇ ಬೇಡ. ಆಗಲೇ ಇಳಿಸಿದ ಎಕ್ಸ್‌ಆರ್ಗ್‌ನೊಳಗೇ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಇದೆ. 'ಸೆಟ್‌ಎಕ್ಸ್‌ಕೆಬಿಮ್ಯಾಪ್' (setxkbmap) ಆಜ್ಞೆಗೆ ಲೇಔಟ್ 'ಯುಎಸ್, ಇನ್' (us,in) ಎಂದು ಕೊಡಿ, ಎರಡನೆಯದರ ವೇರಿಯಂಟ್ 'ಕನ್-ಕಗಪ' (kan-kagapa). ಆಲ್ಟ್-ಶಿಫ್ಟ್ ಒತ್ತಿದರೆ ಇಂಗ್ಲಿಷ್-ಕನ್ನಡ ಬದಲಾಗುವ ಹಾಗೆ ಆಯ್ಕೆಯನ್ನೂ ಸೇರಿಸಿ. ಆ ಸಾಲನ್ನು ಐಸ್‌ಡಬ್ಲ್ಯುಎಂನ ಸ್ಟಾರ್ಟಪ್ ಫೈಲಿನಲ್ಲಿ ಬರೆದಿಟ್ಟರೆ ಪ್ರತಿ ಸಲ ತಾನಾಗಿ ಬರುತ್ತದೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಏನೂ ಹೊಸದಿಲ್ಲ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ: ಕನ್ನಡ. ಎಫ್ ಒತ್ತಿದ ಕ್ಷಣ 'ನ್' ಆಗಿ, ಮುಂದಿನ ಎನ್ ಒತ್ತಿದಾಗ ಅಕ್ಷರ ಕೆಳಗೆ ಜಾರಿ ಒತ್ತಾಗಿ ಕೂರುತ್ತದೆ. ಇಪ್ಪತ್ತು ವರ್ಷ ದಾಟಿದ ಯಂತ್ರ ಇದನ್ನು ಬೆರಳಿನ ವೇಗಕ್ಕೆ ಸರಿಯಾಗಿ ಮಾಡುತ್ತದೆ.

ಹಳೇ ಡಿಸ್ಕಿನಲ್ಲಿ ಆ ಕಾಲದ ಯೂನಿಕೋಡ್ ಅಲ್ಲದ ಕನ್ನಡ ಫೈಲುಗಳಿದ್ದರೆ ಅಳಿಸಬೇಡಿ. ತೆರೆದರೆ ವಿಚಿತ್ರ ಚಿಹ್ನೆಗಳೇ ಕಾಣುತ್ತವೆ, ಆದರೆ ಪಠ್ಯ ಹಾಳಾಗಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ಮುಕ್ತ ಪ್ರೋಗ್ರಾಂಗಳಿವೆ. ಡಿಸ್ಕ್ ಫಾರ್ಮ್ಯಾಟ್ ಮಾಡುವ ಮುಂಚೆ ನಕಲು ಮಾಡಿಟ್ಟುಕೊಳ್ಳಿ.

ಕೊನೆಯದಾಗಿ, ಸಿಡಿಗೆ ಬರ್ನ್ ಮಾಡುವ ಆಂಟಿಎಕ್ಸ್ 23ರ ಐಎಸ್‌ಒ ಫೈಲನ್ನು ಈಗಲೇ ಇಳಿಸಿ ಜೋಪಾನವಾಗಿಡಿ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ ಇಲ್ಲ. ಡೆಬಿಯನ್ 12ರ ನೆರವು ಮುಗಿದ ಮೇಲೆ ನಮ್ಮಂಥವರಿಗೆ ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಉಚಿತ ಓಎಸ್ ಇದೆ. 2024ರ ನೆಟ್‌ಬಿಎಸ್‌ಡಿ 10 ಈ ಪ್ರೊಸೆಸರ್‌ಗಳನ್ನು ಕೈಬಿಟ್ಟಿಲ್ಲ. ಅದನ್ನು ಇನ್ನೊಂದು ಫ್ಲ್ಯಾಶ್ ಕಾರ್ಡಿಗೆ ಹಾಕಿಟ್ಟುಕೊಂಡರೆ, ಪವರ್ ಆಫ್ ಮಾಡಿ ಕಾರ್ಡ್ ಬದಲಿಸಿ ಎರಡನ್ನೂ ಓಡಿಸಬಹುದು.