ಕಾಳು ನಿಲ್ಲಿಸಿದೆ, ಹನಿ ನೀರು ಇಟ್ಟೆ: ಹಿತ್ತಲಿಗೆ ನವರಂಗ ಬಂತು

ಮನೆ ಹಿತ್ತಲಿಗೆ ಹಕ್ಕಿ ಬರಬೇಕು ಅಂದರೆ ಎಲ್ಲರೂ ಮೊದಲು ಮಾಡುವ ಕೆಲಸ ಕಾಳು ಹಾಕುವುದು. ನಾನು ಕಾಳನ್ನು ಪೂರ್ತಿ ನಿಲ್ಲಿಸಿದೆ. ಅದರ ಬದಲು ತೊಟ್ಟಿಕ್ಕುವ ನೀರು ಇಟ್ಟೆ. ಹಿತ್ತಲಲ್ಲಿ ಕಂಡ ಹಕ್ಕಿ ಜಾತಿಗಳ ನನ್ನ ಪಟ್ಟಿ 20ರ ಆಸುಪಾಸಿನಲ್ಲಿ ನಿಂತಿತ್ತು, ಮೂರು ಚಳಿಗಾಲದಲ್ಲಿ 60 ದಾಟಿತು. ಹೋದ ಅಕ್ಟೋಬರ್‌ನಲ್ಲಿ ನವರಂಗ (ಇಂಡಿಯನ್ ಪಿಟ್ಟಾ) ಅನ್ನುವ ವಲಸೆ ಹಕ್ಕಿಯೂ ಬಂತು. ಆಗಲ್ಲ ಅಂದವರೇ ಈಗ ಫೋನ್ ಮಾಡಿ "ಹೇಗ್ ಮಾಡಿದ್ರಿ ಮೇಡಂ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು. ಬೈನಾಕ್ಯುಲರ್ ಹಿಡಿಯೋದು, ಹಕ್ಕಿ ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕೋದು ನಿಮಗೆಲ್ಲ ಗೊತ್ತಿರುವುದೇ, ಅದರ ಗೋಜಿಗೆ ಹೋಗಲ್ಲ.

ನಮ್ಮ ಮನೆ ಇರುವುದು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ಬಡಾವಣೆಯಲ್ಲಿ. 40×60 ಸೈಟು. ಹಿತ್ತಲು ಅಂತ ಉಳಿದಿರುವುದು 15 ಅಡಿ ಅಗಲದ ಜಾಗ. ಒಂದು ಮಾವು, ಒಂದು ಸಪೋಟ, ಕರಿಬೇವು, ದಾಸವಾಳದ ಸಾಲು. ಕಾಂಪೌಂಡಿನ ಆಚೆ ಖಾಲಿ ಸೈಟಿನಲ್ಲಿ ತಾನೇ ಹುಟ್ಟಿಕೊಂಡ ಗಸಗಸೆ ಹಣ್ಣಿನ ಮರ. ಅಡುಗೆಮನೆ ಕಿಟಕಿ ಸೀದಾ ಅತ್ತಲೇ ತೆರೆಯುತ್ತದೆ. ನನ್ನ ಹಕ್ಕಿ ನೋಡುವ ಜಾಗ ಅದೇ.

ಭಾನುವಾರ ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ಅಂತ ಸುತ್ತುವ ಗುಂಪಿನಲ್ಲಿ ನಾನೂ ಇದ್ದೇನೆ. ಹಿತ್ತಲ ಬಗ್ಗೆ ಮೊದಲು ಹೇಳಿದಾಗ ಹಿರಿಯರೊಬ್ಬರು, "ಹಿತ್ತಲಲ್ಲಿ ಕಾಗೆ, ಗೊರವಂಕ ಬಿಟ್ರೆ ಇನ್ನೇನ್ ಸಿಗುತ್ತೆ ಮೇಡಂ? ಸುಮ್ನೆ ಕೆರೆಗೆ ಬನ್ನಿ" ಅಂದಿದ್ದರು. ಬೆಟ್ಟ ಇಷ್ಟು ಹತ್ತಿರ ಇದೆ, ಅಲ್ಲಿಯ ಕುರುಚಲು ಕಾಡಿನ ಹಕ್ಕಿ ನಾಲ್ಕು ಬೀದಿ ದಾಟಿ ಯಾಕೆ ಬರಬಾರದು ಅನ್ನುವುದು ನನ್ನ ಹಟ.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ನೇತುಹಾಕುವ ಪ್ಲಾಸ್ಟಿಕ್ ಫೀಡರ್ ಎರಡು ತರಿಸಿದೆ, ತಲಾ 500, 600 ಇರಬೇಕು. ಸಜ್ಜೆ, ನವಣೆ, ನುಚ್ಚಕ್ಕಿ ತಿಂಗಳಿಗೆ 600 ರೂಪಾಯಿ. ಮೊದಲ ವಾರ ಗುಬ್ಬಚ್ಚಿ ಬಂದವು, ಚುಕ್ಕೆ ರಾಟವಾಳ ಬಂದವು, ಖುಷಿಯಾಯಿತು. ಆಮೇಲೆ ಪಾರಿವಾಳ ಶುರುವಾಯಿತು. ಹತ್ತು, ಇಪ್ಪತ್ತು, ನಲವತ್ತು. ಫೀಡರ್ ಮೇಲೆ ಕೂರಲಾಗದವು ಕೆಳಗೆ ಬಿದ್ದ ಕಾಳು ಹೆಕ್ಕುತ್ತಿದ್ದವು. ರಾತ್ರಿ ಅದೇ ಕಾಳಿಗೆ ಇಲಿ. ಪಕ್ಕದ ಮನೆಯವರ ಟೆರೇಸ್ ತುಂಬ ಹಿಕ್ಕೆ. ಒಣಗಿದ ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅವರ ಮನೆಯಲ್ಲಿ ವಯಸ್ಸಾದವರಿದ್ದಾರೆ. ಮೂರ್ನಾಲ್ಕು ತಿಂಗಳಿಗೆ ಫೀಡರ್ ಎರಡನ್ನೂ ಇಳಿಸಿದೆ. ಇನ್ನೊಂದು ಮಾತು. ನಮ್ಮ ಕಡೆಯ ಚೆಲುವಾದ ಹಕ್ಕಿಗಳಲ್ಲಿ ಮುಕ್ಕಾಲು ಪಾಲು ಕಾಳು ತಿನ್ನುವುದೇ ಇಲ್ಲ. ಹುಳ, ಹಣ್ಣು, ಮಕರಂದ ಅವುಗಳ ಊಟ. ಸಜ್ಜೆ ಸುರಿದರೆ ಹುಳ ತಿನ್ನುವ ರಾಜಹಕ್ಕಿ (ಪ್ಯಾರಡೈಸ್ ಫ್ಲೈಕ್ಯಾಚರ್) ಯಾಕೆ ಬರುತ್ತದೆ? ನೀರು ಮಾತ್ರ ಎಲ್ಲಕ್ಕೂ ಬೇಕು.

ಹಾಗಂತ ನೀರಿಗೆ ಬಂದೆ. ನರ್ಸರಿಯಿಂದ ಸಿಮೆಂಟಿನ ದೊಡ್ಡ ಬೋಗುಣಿ, 2,000ದ ಮೇಲೆ. ಸಾಗಿಸಲು ಆಟೋಗೆ 300. ನಾಲ್ಕೈದು ಇಂಚು ಆಳ, ಒಳಗೆಲ್ಲ ನುಣುಪು. ಕಾಗೆ ಬಂದು ಒಣ ರೊಟ್ಟಿ ನೆನೆಸಿಕೊಂಡು ಹೋಗುತ್ತಿತ್ತು, ಅಷ್ಟೇ. ಪಿಕಳಾರಗಳು ಅಂಚಿನಲ್ಲಿ ಕೂತು ಗುಟುಕರಿಸಿ ಹಾರುತ್ತಿದ್ದವು, ಇಳಿಯುತ್ತಿರಲಿಲ್ಲ. ಸಣ್ಣ ಹಕ್ಕಿಗೆ ಕಾಲು ನೆಲ ಮುಟ್ಟಬೇಕು, ಹೊಟ್ಟೆ ಮಾತ್ರ ನೆನೆಯಬೇಕು. ಆಮೇಲೆ ಸೋಲಾರ್ ಕಾರಂಜಿ ತರಿಸಿದೆ, 900 ಚಿಲ್ಲರೆ. ಬಿಸಿಲಿದ್ದರೆ ಮಾತ್ರ ಓಡುತ್ತದೆ, ಹಕ್ಕಿ ಮೀಯಲು ಬರುವ ಸಂಜೆಗೆ ಸರಿಯಾಗಿ ನಿಲ್ಲುತ್ತದೆ. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡು ಎರಡು ತಿಂಗಳಿಗೆ ಅದರ ಮೋಟಾರು ಕೆಟ್ಟಿತು.

ದಾರಿ ತೋರಿಸಿದ್ದು ಹಿತ್ತಲ ನಲ್ಲಿ. ಏಪ್ರಿಲ್‌ನಲ್ಲಿ ವಾಷರ್ ಸವೆದು ತೊಟ್ಟಿಕ್ಕುತ್ತಿತ್ತು. ಕೆಳಗೆ ಅಂಗೈಯಗಲದ ಗುಳಿಯಲ್ಲಿ ಒಂದಿಷ್ಟು ಕೊಚ್ಚೆ ನೀರು. ಆರು ಅಡಿ ದೂರದಲ್ಲಿ ತುಂಬಿದ ಸಿಮೆಂಟಿನ ಬೋಗುಣಿ. ಬಿಳಿಹುಬ್ಬಿನ ಪಿಕಳಾರ, ಬೆಟ್ಟದ ಪೊದೆಯೊಳಗೆ ಕೂಗು ಮಾತ್ರ ಕೇಳಿಸಿ ಮುಖ ತೋರಿಸದ ಹಕ್ಕಿ, ಬೋಗುಣಿಯ ಮೇಲಿಂದ ದಾಟಿ ಬಂದು ಆ ಗುಳಿಯಲ್ಲಿ ಮಿಂದಿತು. ನಾನು ಪ್ಲಂಬರ್‌ಗೆ ಬರಬೇಡಿ ಅಂದೆ. ಒಂದು ವಾರ ನೋಡಿದೆ. ನಿಂತ ನೀರು ಹಕ್ಕಿಗೆ ಹತ್ತಿರ ಬಂದ ಮೇಲೆ ಕಾಣುತ್ತದೆ. ಬೀಳುವ ಹನಿ ದೂರದಿಂದಲೇ ಕೇಳಿಸುತ್ತದೆ, ಅಲುಗುವ ನೀರು ಮೇಲಿಂದ ಮಿನುಗುತ್ತದೆ. ವ್ಯತ್ಯಾಸ ಅಷ್ಟೇ.

ಈಗಿನ ಏರ್ಪಾಡು ಹೀಗಿದೆ. ದೊಡ್ಡ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆ, ಒಂದೂವರೆ ಅಡಿ ಅಗಲ. ಒಂದು ಕಡೆ ಜಲ್ಲಿ ಸುರಿದು ಇಳಿಜಾರು ಮಾಡಿದ್ದೇನೆ. ಅಂಚಿನಲ್ಲಿ ಅರ್ಧ ಇಂಚು ನೀರು, ಆಳ ಇರುವಲ್ಲಿ ಎರಡು ಇಂಚು ಮೀರಲ್ಲ. ಮೇಲೆ ಬಿದಿರಿನ ಮುಕ್ಕಾಲಿ, ಅದರ ಮೇಲೆ ಹಳೆಯ 5 ಲೀಟರ್ ಕ್ಯಾನು. ಕ್ಯಾನಿನಿಂದ ಇಳಿಯುವುದು ಆಸ್ಪತ್ರೆಯಲ್ಲಿ ಸಲೈನ್ ಹಾಕುವ ಡ್ರಿಪ್ ಸೆಟ್. ಮೆಡಿಕಲ್ ಸ್ಟೋರ್‌ನಲ್ಲಿ 30, 40 ರೂಪಾಯಿ. ಅದರ ಉರುಳೆ ತಿರುಗಿಸಿ ಸೆಕೆಂಡಿಗೆ ಒಂದು ಹನಿ ಬೀಳುವಂತೆ ಇಡಬೇಕು. ಸುಮಾರು 20 ಹನಿಗೆ ಒಂದು ಎಂಎಲ್ ಲೆಕ್ಕ, ಗಂಟೆಗೆ 180 ಎಂಎಲ್, ಬೆಳಗಿನಿಂದ ಸಂಜೆವರೆಗೆ ಸುಮಾರು ಎರಡು ಲೀಟರ್ ಅಷ್ಟೇ. ಬೋರ್ ನೀರಾದರೆ ಡ್ರಿಪ್ ಕಟ್ಟಿಕೊಳ್ಳುತ್ತದೆ. ಕಾವೇರಿ ನೀರನ್ನೇ ತೆಳ್ಳನೆ ಬಟ್ಟೆಯಲ್ಲಿ ಸೋಸಿ ಹಾಕಿ. ತಟ್ಟೆ ಎರಡು ಸೇರಿ ಒಟ್ಟು 500ರ ಒಳಗೆ ಮುಗಿಯಿತು. ಸಿಮೆಂಟಿನ ಬೋಗುಣಿಯಲ್ಲಿ ಈಗ ಒಂದೆಲಗ ಬೆಳೆದಿದೆ.

ಹನಿ ಎರಡು ಅಡಿ ಮೇಲಿಂದ ಬಿದ್ದರೆ ಸದ್ದು ಚೆನ್ನಾಗಿರುತ್ತದೆ. ಬೀಳುವ ಜಾಗದಲ್ಲಿ ನಾನು ಒಂದು ವಸ್ತು ಇಟ್ಟಿದ್ದೇನೆ, ಅದರಿಂದ ಸದ್ದು ಇನ್ನೂ ದೂರ ಹೋಗುತ್ತದೆ. ಏನು ಅಂತ ಇಲ್ಲಿ ಹೇಳಲ್ಲ. ಅದು ಗೊತ್ತಾಗಲು ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು. ನೀವೂ ನಾಲ್ಕು ಥರ ಇಟ್ಟು ನೋಡಿ.

ತಟ್ಟೆ ಎಲ್ಲಿ ಇಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಪೊದೆಯಿಂದ ನಾಲ್ಕೈದು ಅಡಿ ದೂರ ಇರಲಿ. ಪೊದೆಯ ಬುಡದಲ್ಲೇ ಇಟ್ಟರೆ ಬೆಕ್ಕು ಹೊಂಚು ಹಾಕುತ್ತದೆ. ನಮ್ಮ ಬೀದಿಯ ಕಂದು ಬೆಕ್ಕು ಒಂದು ಮಡಿವಾಳ ಹಕ್ಕಿಯನ್ನು ಹಿಡಿದ ದಿನ ನಾನು ಊಟ ಮಾಡಲಿಲ್ಲ. ಮರುದಿನ ಪೊದೆ ಕೆಳಗೆಲ್ಲ ಬೋಗನ್‌ವಿಲ್ಲಾ ಮುಳ್ಳು ತುಂಬಿದೆ, ಆಮೇಲೆ ಆ ಕಾಟ ಇಲ್ಲ. ತಟ್ಟೆಯ ಮೇಲೆ ಓರೆಯಾಗಿ ಒಂದು ಒಣಕೊಂಬೆ ಬೇಕೇ ಬೇಕು. ಯಾವ ಹಕ್ಕಿಯೂ ಸೀದಾ ನೀರಿಗೆ ಇಳಿಯುವುದಿಲ್ಲ. ಮೊದಲು ಕೂತು ಸುತ್ತ ನೋಡುತ್ತದೆ. ಫೋಟೋ ತೆಗೆಯುವವರಿಗೆ ಸಿಗುವುದೂ ಆ ಗಳಿಗೆಯೇ.

ರಾಜಹಕ್ಕಿ ಅಂತೂ ತಟ್ಟೆಯೊಳಗೆ ಕೂರುವುದೇ ಇಲ್ಲ. ಕೊಂಬೆಯಿಂದ ಧುಮುಕಿ, ಎದೆ ನೀರಿಗೆ ತಾಗಿಸಿ, ಅದೇ ರಭಸದಲ್ಲಿ ಮೇಲೆ ಹೋಗುತ್ತದೆ. ಹೀಗೆ ಐದಾರು ಸಲ. ಬಿಳಿ ಗಂಡಿನ ಉದ್ದ ಬಾಲ ಪ್ರತಿ ಸಲ ಅರ್ಧ ಗಳಿಗೆ ತಡವಾಗಿ ಹಿಂದೆ ಬರುತ್ತದೆ. ಆಮೇಲೆ ಸಪೋಟದ ಒಳಕೊಂಬೆಯಲ್ಲಿ ಕೂತು ಆ ಬಾಲದ ಎರಡೂ ಗರಿಯನ್ನು ಬುಡದಿಂದ ತುದಿವರೆಗೆ ಕೊಕ್ಕಿನಲ್ಲಿ ಎಳೆದು ಒಣಗಿಸಿಕೊಳ್ಳುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸಂಜೆ ಐದೂವರೆಗೆ ಇದನ್ನು ನೋಡಲು ನಮ್ಮ ಮನೆಯಲ್ಲಿ ಟೀ ಕೂಡ ಕಿಟಕಿ ಹತ್ತಿರವೇ.

ಪಕ್ಕದ ಮನೆಯಾಕೆ ಎತ್ತಿದ ತಕರಾರು ಸೊಳ್ಳೆಯದು. "ಸೊಳ್ಳೆ ಸಾಕ್ತಿದ್ದೀರಲ್ಲ ಆಂಟಿ" ಅಂದಳು. ನ್ಯಾಯವಾದ ಮಾತೇ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬರಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ನಾನು ತಟ್ಟೆಯನ್ನು ದಿನಾ ಖಾಲಿ ಮಾಡುತ್ತೇನೆ. ಆದರೆ ಬರೀ ಚೆಲ್ಲಿದರೆ ಸಾಲದು. ಅದರ ಮೊಟ್ಟೆ ನೀರಿನ ಗೆರೆಯ ಮೇಲಿನ ಅಂಚಿಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ತೆಂಗಿನ ನಾರಿನಲ್ಲಿ ಅಂಚನ್ನು ಗಸಗಸ ಉಜ್ಜಬೇಕು, ಸೋಪು ಬೇಡ. ಎರಡು ತಟ್ಟೆ ಇರುವುದು ಅದಕ್ಕೇ. ಒಂದು ನೀರಿನಲ್ಲಿ, ಒಂದು ಬಿಸಿಲಿನಲ್ಲಿ. ಆಕೆಯನ್ನೇ ಕರೆದು ತೋರಿಸಿದೆ. ಈಗ ಅವರ ಮನೆಯಲ್ಲೂ ಒಂದು ಡ್ರಿಪ್ ಸೆಟ್ ಇದೆ.

ಸೂರಕ್ಕಿ ಮಾತ್ರ ತಟ್ಟೆಗೆ ಬರಲಿಲ್ಲ. ದಾಸವಾಳದಲ್ಲಿ ದಿನವಿಡೀ ಇರುತ್ತಿತ್ತು, ನೀರಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ಒಮ್ಮೆ ಬೆಳಿಗ್ಗೆ ಗಿಡಕ್ಕೆ ಪೈಪ್ ಹಿಡಿದ ಮೇಲೆ ನೋಡಿದರೆ ಕೆಸುವಿನ ಎಲೆಯ ನಡುವೆ ನಿಂತಿದ್ದ ಒಂದು ಚಮಚ ನೀರಿನಲ್ಲಿ ಹೆಣ್ಣು ಸೂರಕ್ಕಿ ಹೊಟ್ಟೆ ಹಚ್ಚಿ ಹೊರಳುತ್ತಿದೆ. ಅದರ ಭಾರಕ್ಕೆ ಎಲೆ ಬಾಗಿತು, ನೀರು ಜಾರಿ ಚೆಲ್ಲಿತು, ಅದು ಪಕ್ಕದ ಎಲೆಗೆ ಹೋಯಿತು. ಅಂದಿನಿಂದ ಬೆಳಿಗ್ಗೆ ಎಂಟೂವರೆಗೆ ಕೆಸು, ಬಾಳೆ ಎಲೆಗಳಿಗೆ ನೀರು ಚಿಮುಕಿಸುತ್ತೇನೆ. ಸಿಂಪಿಗವೂ ಬರುತ್ತದೆ, ಒದ್ದೆ ಎಲೆಗೆ ಮೈ ಉಜ್ಜಿಕೊಂಡು ಹೋಗುತ್ತದೆ. ಖರ್ಚು ಸೊನ್ನೆ.

ಇನ್ನೊಂದು ಪ್ರಯೋಗಕ್ಕೆ ಮನೆಯಲ್ಲೇ ಜಗಳ ಆಗಿತ್ತು. ಮಾವಿನ ಒಂದು ಕೊಂಬೆಗೆ ಬದನಿಕೆ, ಅಂದರೆ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಗಿಡ, ಹತ್ತಿತ್ತು. ಕಡಿಸಿ ಅಂತ ನಮ್ಮವರು, ಮಾಲಿ ಇಬ್ಬರೂ ಹಿಡಿದರು. ಒಂದು ಕೊಂಬೆಯಲ್ಲಿ ಬಿಡಿ, ಬೇರೆ ಕಡೆ ಕಂಡರೆ ಕಡಿಯೋಣ ಅಂದೆ. ಬದನಿಕೆ ಹಕ್ಕಿ ಬರುವುದೇ ಅದಕ್ಕೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಹಣ್ಣು ನುಂಗುತ್ತದೆ, ಬೀಜ ಅಂಟಂಟಾಗಿ ಹೊರಬರುತ್ತದೆ, ಅದನ್ನು ಬಿಡಿಸಿಕೊಳ್ಳಲು ಕೊಂಬೆಗೆ ಹಿಂಭಾಗ ಉಜ್ಜುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಕಿಟಕಿಯಿಂದ ಎಂಟು ಅಡಿ ದೂರದಲ್ಲಿ ಇದನ್ನು ನೋಡಿದ ಮೇಲೆ ನಮ್ಮವರೂ ಸುಮ್ಮನಾದರು. ಮಾವು ಈಗಲೂ ಚೆನ್ನಾಗಿಯೇ ಕಾಯಿ ಬಿಡುತ್ತಿದೆ.

ನವರಂಗದ ಕಥೆಗೆ ಬರುತ್ತೇನೆ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುತ್ತಿದ್ದಂತೆ ದಕ್ಷಿಣಕ್ಕೆ ಬರುತ್ತದೆ. ರಾತ್ರಿ ಹಾರಿ ಬಂದು ಸುಸ್ತಾಗಿ ಊರೊಳಗಿನ ತೋಟಗಳಲ್ಲಿ ಇಳಿಯುವುದು ಹೊಸದೇನಲ್ಲ. ನಿಂತು ಉಳಿಯಬೇಕಾದರೆ ಅದಕ್ಕೆ ತರಗೆಲೆ ಬೇಕು, ಎಲೆ ಕೆದಕಿ ಹುಳ ತಿನ್ನುವ ಹಕ್ಕಿ ಅದು. ಗುಡಿಸಿ ಸಾರಿಸಿದ ಹಿತ್ತಲಲ್ಲಿ ಅದಕ್ಕೆ ಏನಿದೆ? ನಾನು ಎರಡು ವರ್ಷದಿಂದ ಸಪೋಟದ ಬುಡದಲ್ಲಿ ಗುಡಿಸುವುದನ್ನೇ ಬಿಟ್ಟೆ. ಪಕ್ಕದವರು ಸುಡಲು ಹೊರಟ ಎಲೆಯನ್ನೂ ಗೋಣಿಚೀಲದಲ್ಲಿ ತುಂಬಿಸಿಕೊಂಡು ತಂದೆ. ನಾಲ್ಕು ಬೆರಳು ದಪ್ಪದ ಹಾಸು ಆಯಿತು. ಅದರ ಅಂಚಿಗೆ ನೆಲಮಟ್ಟದಲ್ಲೇ ಇನ್ನೊಂದು ತಟ್ಟೆ ಹೂತೆ. ಹಾಸನ್ನು ಒದ್ದೆ ಇಡುವುದರಲ್ಲಿ ಒಂದು ಲೆಕ್ಕಾಚಾರ ಇದೆ. ಅದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಅಕ್ಟೋಬರ್ ಎರಡನೇ ವಾರ, ಬೆಳಿಗ್ಗೆ ಆರರ ಹೊತ್ತಿಗೆ ಎರಡು ಸ್ವರದ ಸಿಳ್ಳೆ ಕೇಳಿತು. ದೀಪ ಹಾಕದೆ ಕಿಟಕಿಗೆ ಬಂದೆ. ಎಲೆ ಹಾಸಿನ ಮೇಲೆ ಮೋಟು ಬಾಲ ಅಲುಗಿಸುತ್ತಾ ನಿಂತಿದೆ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿನುದ್ದಕ್ಕೆ ಕಪ್ಪು ಪಟ್ಟಿ, ಬಾಲದ ಕೆಳಗೆ ಕುಂಕುಮ ಕೆಂಪು. ಒಂದು ಎಲೆ ಕೊಕ್ಕಿನಲ್ಲಿ ಹಿಡಿದು ಪಕ್ಕಕ್ಕೆ ಎಸೆಯಿತು, ತಲೆ ಓರೆ ಮಾಡಿ ಕೇಳಿಸಿಕೊಂಡಿತು, ಇನ್ನೊಂದು ಎಸೆಯಿತು. ಮೂರ್ನಾಲ್ಕು ದಿನ ಇತ್ತು. ಗುಂಪಿನ ಆ ಹಿರಿಯರು ಎರಡನೇ ದಿನವೇ ದೊಡ್ಡ ಲೆನ್ಸ್ ಹೊತ್ತು ಬಂದರು. ನಮ್ಮ ಅಡುಗೆಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಫೋಟೋ ತೆಗೆದರು. ಕೆರೆಗೆ ಬನ್ನಿ ಅನ್ನುವ ಮಾತು ಆಮೇಲೆ ಬಂದಿಲ್ಲ.

ಕೂಗು ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಬಗ್ಗೆ ತುಂಬ ಜನ ಕೇಳುತ್ತಾರೆ. ಸೆಪ್ಟೆಂಬರ್‌ನಲ್ಲಿ ವಲಸೆಯ ಉಲಿಯಕ್ಕಿಗಳು (ವಾರ್ಬ್ಲರ್) ಬಂದಾಗ ಒಳ್ಳೆಯ ಸಹಾಯ. ಪೊದೆಯೊಳಗಿನ "ಚಕ್ ಚಕ್" ಯಾರದು ಅಂತ ಹೇಳುತ್ತದೆ. ಆದರೆ ಎಲೆಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವುದರಲ್ಲಿ ನಿಸ್ಸೀಮ. ನಮ್ಮಲ್ಲಿ ಅದು ಬಿಜ್ಜಿನ (ಶಿಕ್ರಾ ಅನ್ನುವ ಬೇಟೆ ಹಕ್ಕಿ) ಹಾಗೆ ಕೂಗಿದರೆ ಆ್ಯಪ್ ಬಿಜ್ಜು ಅಂತಲೇ ತೋರಿಸುತ್ತದೆ. ಕಣ್ಣಿಗೆ ಬೀಳದ ಹಕ್ಕಿಯನ್ನು ನಾನು ಆ್ಯಪ್ ನಂಬಿ ಪಟ್ಟಿಗೆ ಸೇರಿಸಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆಯಲ್ಲೂ ನನ್ನದು ಅದೇ ನಿಯಮ. ಭಾರತ 2013ರಿಂದ ಅದರಲ್ಲಿದೆ, ಕನಿಷ್ಠ 15 ನಿಮಿಷ ನೋಡಿ ಪಟ್ಟಿ ಹಾಕಿದರೆ ಸಾಕು. ಹೋದ ವರ್ಷ ಒಂದೇ ಸಂಜೆ ಕಿಟಕಿಯಿಂದ 18, 19 ಜಾತಿ ಸಿಕ್ಕವು. ಕಾಗೆಯನ್ನೂ ಬರೆಯಿರಿ, ಬಿಡಬೇಡಿ.

ಹಕ್ಕಿ ಜಾಸ್ತಿಯಾದರೆ ಕಿಟಕಿ ಗಾಜು ನೋಡಿಕೊಳ್ಳಲೇಬೇಕು. ಗಾಜಿನಲ್ಲಿ ಮರ ಕಂಡು ಬಡಿದು ಸಾಯುತ್ತವೆ. ನಾನು ಹೊರಗಡೆ ಎರಡೆರಡು ಇಂಚಿಗೆ ಒಂದರಂತೆ ನೂಲಿನ ದಾರ ಇಳಿಬಿಟ್ಟಿದ್ದೇನೆ. ಒಳಗಿಂದ ಅಡ್ಡ ಬರಲ್ಲ, ಆಮೇಲೆ ಒಂದೂ ಬಡಿದಿಲ್ಲ.

ಈ ಚಳಿಗಾಲಕ್ಕೆ ನನ್ನ ಕಣ್ಣಿರುವುದು ನೆಲಸಿಳ್ಳಾರದ ಮೇಲೆ. ಅದೂ ತರಗೆಲೆಯ ಹಕ್ಕಿಯೇ. ಅದಕ್ಕಾಗಿ ಹಾಸನ್ನು ಕಾಂಪೌಂಡಿನ ಮೂಲೆವರೆಗೆ ಬೆಳೆಸಿದ್ದೇನೆ, ಬಟ್ಟೆ ಒಣಗಿಸುವ ತಂತಿಯನ್ನು ಟೆರೇಸ್‌ಗೆ ಸಾಗಿಸಿದ್ದೇನೆ. ನೀವು ಶುರು ಮಾಡುವುದಾದರೆ ಆಗಸ್ಟ್ ಕೊನೆಗೇ ತಟ್ಟೆ ಇಡಿ. ಬೂದು ಕುಂಡೆಕುಸ್ಕ (ಗ್ರೇ ವ್ಯಾಗ್‌ಟೇಲ್) ಆ ಹೊತ್ತಿಗೆ ಬರಲು ಶುರುವಾಗುತ್ತದೆ, ಉಳಿದ ವಲಸೆ ಹಕ್ಕಿಗಳು ಅದರ ಹಿಂದೆಯೇ.