ಸಣ್ಣ ಪೋಕರ್ ಟೂರ್ನಮೆಂಟ್‌ನಲ್ಲಿ ಫ್ಲಶ್ ಡ್ರಾ: ಕಾಲ್ ಮಾಡೋದಾ, ಬಿಡೋದಾ?

ಕೈಯಲ್ಲಿ ಎರಡು ಆಟೀನು, ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಯಲ್ಲಿ) ಇನ್ನೆರಡು. ಒಂದೇ ಜಾತಿಯ ಐದು ಎಲೆ ಸೇರಿದರೆ ಫ್ಲಶ್; ಐದನೆಯದಕ್ಕೆ ಕಾಯೋದೇ ಫ್ಲಶ್ ಡ್ರಾ. ಉಳಿದಿರೋದು 9 ಆಟೀನು. ಟರ್ನ್‌ನಲ್ಲೇ (ನಾಲ್ಕನೇ ಎಲೆ) ಬರುವ ಸಾಧ್ಯತೆ ಸುಮಾರು 19%, ರಿವರ್ (ಐದನೇ, ಕೊನೆಯ ಎಲೆ) ತನಕ ನೋಡಿದರೆ 35%. ಎಲ್ಲರೂ ಎಡವೋದು ಈ 35ರಲ್ಲೇ. ಎರಡೂ ಎಲೆ ಬೇರೆ ಖರ್ಚಿಲ್ಲದೆ ಸಿಗುವಾಗ, ಅಂದರೆ ಆಲ್-ಇನ್ ಆದಾಗ (ಇದ್ದ ಚಿಪ್ಸ್ ಎಲ್ಲಾ ಹಾಕಿದಾಗ) ಮಾತ್ರ ಅದು ಲೆಕ್ಕಕ್ಕೆ.

ಪಾಟ್ (ಮಧ್ಯದಲ್ಲಿ ಸೇರಿದ ಚಿಪ್ಸ್) 600, ಎದುರಾಳಿ 300 ಹಾಕಿದ ಅನ್ನಿ. ಕಾಲ್ ಮಾಡಿದರೆ, ಅಂದರೆ ಅಷ್ಟೇ ನೀವೂ ಹಾಕಿದರೆ, ನಿಮ್ಮ 300 ಸೇರಿ 1,200. ನಷ್ಟವಾಗದಿರಲು ಬೇಕಾದ ಗೆಲುವಿನ ಸಾಧ್ಯತೆ 1,200ರಲ್ಲಿ 300, ಅಂದರೆ 25%; ಇರೋದು 19. ಕೊರತೆ ತುಂಬಬೇಕಾದರೆ ಫ್ಲಶ್ ಆದಮೇಲೆ ಅವನಿಂದ ಇನ್ನೂ ಸುಮಾರು 370 ಚಿಪ್ಸ್ ಬರಬೇಕು. ಅವನ ಹತ್ತಿರ ಅಷ್ಟು ಉಳಿದಿಲ್ಲವಾದರೆ ಕಾಲ್ ನಷ್ಟವೇ.

ಬ್ಲೈಂಡ್ (ಎಲೆ ನೋಡುವ ಮುಂಚೆ ಕಡ್ಡಾಯವಾಗಿ ಹಾಕುವ ಪಂತ) ಬೇಗ ಏರುವ ಆಟದಲ್ಲಿ ಅದಕ್ಕೆ ಹೋಲಿಸಿದರೆ ಸ್ಟ್ಯಾಕ್ (ನಿಮ್ಮ ಹತ್ತಿರದ ಚಿಪ್ಸ್) ಸಣ್ಣದಾಗಿಬಿಡುತ್ತೆ. ಆಗ ಕಾಲ್‌ಗಿಂತ ಆಲ್-ಇನ್ ಒಳ್ಳೇದು. ಪಾಟ್ 6 ಬಿಗ್ ಬ್ಲೈಂಡ್ (ಎರಡು ಬ್ಲೈಂಡ್ ಪಂತಗಳಲ್ಲಿ ದೊಡ್ಡದು), ಯಾರೂ ಬೆಟ್ ಹಾಕಿಲ್ಲ, ನಿಮ್ಮದು 12: ಕಾಲ್ ಆದಾಗ 35% ಗೆಲ್ಲುವಿರಾದರೆ, ಐದರಲ್ಲಿ ಒಂದು ಸಲ ಎದುರಾಳಿ ಫೋಲ್ಡ್ ಮಾಡಿ ಎಲೆ ಬಿಟ್ಟರೂ ಚಿಪ್ಸ್ ಲೆಕ್ಕ ಸರಿಹೋಗುತ್ತೆ. ಆದರೆ ಸಣ್ಣ ಬೈ-ಇನ್‌ನಲ್ಲಿ (ಕಡಿಮೆ ಪ್ರವೇಶ ಶುಲ್ಕದ ಆಟದಲ್ಲಿ) ಒಂದು ಜೋಡಿ ಸಿಕ್ಕರೂ ಬಿಡದವರೇ ಜಾಸ್ತಿ. ಅಂಥವರ ಮೇಲೆ ಇದು ಬೇಡ.

ಸ್ಟ್ರೈಟ್ ಡ್ರಾಗೆ (ನಾಲ್ಕು ಎಲೆ ಸಾಲಾಗಿದ್ದು, ಯಾವುದಾದರೂ ತುದಿಗೆ ಐದನೆಯದಕ್ಕೆ ಕಾಯೋದು) 8 ಎಲೆ ಅಂತ ಕಣ್ಣುಮುಚ್ಚಿ ಎಣಿಸಬೇಡಿ. ಬೋರ್ಡ್‌ನಲ್ಲಿ (ಮೇಜಿನ ಮೇಲೆ ತೆರೆದ ಎಲೆಗಳಲ್ಲಿ) ಎರಡು ಕಳಾವರ್ ಇದ್ದರೆ, ಆ 8ರಲ್ಲಿ 2 ಎಲೆ ಬೇರೆಯವರ ಫ್ಲಶ್ ಮಾಡಿಸಬಹುದು. ನಂಬಬಹುದಾದ್ದು 6.

ಬಹುಮಾನದ ಹಂತಕ್ಕೆ ಒಂದಿಬ್ಬರು ಬಾಕಿ ಇದ್ದಾಗ, ನಿಮಗಿಂತ ದೊಡ್ಡ ಸ್ಟ್ಯಾಕ್ ಹಾಕಿದ ಆಲ್-ಇನ್‌ಗೆ ಬರೀ ಡ್ರಾ ಹಿಡಿದು ಕಾಲ್ ಮಾಡಬೇಡಿ, ಲೆಕ್ಕ ಸಮಸಮ ಕಂಡರೂ.