ನೀರು ಟೆಸ್ಟ್ ಮಾಡಿಸುವವರೇ, ಜ್ಯೂಸ್ ಬಾಟಲಿ ತರಬೇಡಿ

ನೀರಿನ ಪ್ರಯೋಗಾಲಯದ ಕೌಂಟರಿನಲ್ಲಿ ಕೂತವರಿಗೆ ಒಂದು ವಿಷಯ ಬಹಳ ಬೇಗ ಗೊತ್ತಾಗುತ್ತದೆ. ಜನ ತರುವ ನೀರಿಗಿಂತ ಅದನ್ನು ತರುವ ಬಾಟಲಿಯೇ ಜಾಸ್ತಿ ಕೆಟ್ಟಿರುತ್ತದೆ. ಮಾವಿನ ಜ್ಯೂಸ್ ವಾಸನೆ ಹೋಗದ ಬಾಟಲಿ, ಮಗುವಿನ ಸ್ಕೂಲ್ ಬಾಟಲಿ, ಸ್ಟೀಲ್ ಚೊಂಬಿನ ಬಾಯಿಗೆ ಕಟ್ಟಿದ ಪ್ಲಾಸ್ಟಿಕ್ ಕವರ್, ಎಲ್ಲವೂ ಬರುತ್ತವೆ. ‘ನಿನ್ನೆ ಸಂಜೆಯೇ ಹಿಡಿದಿಟ್ಟಿದ್ದೆ ಸಾರ್, ಆಫೀಸಿಗೆ ಹೋಗ್ತಾ ಕೊಡೋಣ ಅಂತ’ ಎನ್ನುವವರೂ ಇದ್ದಾರೆ. ಇಂಥ ಸ್ಯಾಂಪಲ್‌ಗೆ ಬರುವ ರಿಪೋರ್ಟ್ ಬಾಟಲಿಯದ್ದು, ನಿಮ್ಮ ನಲ್ಲಿಯದ್ದಲ್ಲ. ದುಡ್ಡು ದಂಡ.

ಬೆಂಗಳೂರಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಕ್ಲೋರಿನ್ ಹಾಕಿ, ಮೇಲಕ್ಕೆ ಪಂಪ್ ಮಾಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತವೂ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಅಲ್ಲಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದು ನಮ್ಮ ಬೀದಿಗೆ ಬಂದ ಮೇಲೆ. ಎಷ್ಟೋ ಬಡಾವಣೆಗಳಲ್ಲಿ ದಿನಬಿಟ್ಟು ದಿನ ನೀರು. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಬಿರುಕು ಬಿಟ್ಟ ಪೈಪಿನ ಪಕ್ಕದಲ್ಲೇ ಚರಂಡಿ ಇದ್ದರೆ ಕೊಳಕು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನಮ್ಮ ಸಂಪು. ಕಾವೇರಿ, ಬೋರ್, ಟ್ಯಾಂಕರ್ ಮೂರೂ ಒಂದೇ ಗುಂಡಿಗೆ. ಹಾಗಾಗಿ ‘ಬೆಂಗಳೂರಿನ ನೀರು ಕುಡಿಯಬಹುದಾ?’ ಎಂಬ ಪ್ರಶ್ನೆಗೆ ಉತ್ತರ ಇಲ್ಲ. ನಿಮ್ಮ ಅಡುಗೆಮನೆ ನಲ್ಲಿಯದ್ದನ್ನು ಕುಡಿಯಬಹುದಾ ಎಂದು ಕೇಳಿ.

ಹಂತ 1: ಯಾವ ನಲ್ಲಿ?

ಒಂದೇ ಸ್ಯಾಂಪಲ್‌ಗೆ ದುಡ್ಡಿದ್ದರೆ ಅಡುಗೆಮನೆಯ ನಲ್ಲಿ. ಎರಡಕ್ಕೆ ಇದ್ದರೆ, ಸಂಪಿಗೆ ಬೀಳುವ ಮುಂಚಿನ ಲೈನ್ ನೀರೂ ಇರಲಿ. ಲೈನ್ ನೀರು ಸರಿಯಿದ್ದು ಅಡುಗೆಮನೆಯದ್ದು ಕೆಟ್ಟಿದ್ದರೆ ತಪ್ಪು ನಿಮ್ಮ ಸಂಪು ಅಥವಾ ಮೇಲಿನ ಟ್ಯಾಂಕಿನದ್ದು. ಜಲಮಂಡಳಿಯನ್ನು ಬೈದು ಪ್ರಯೋಜನವಿಲ್ಲ.

ಹಂತ 2: ಏನನ್ನು ಟೆಸ್ಟ್ ಮಾಡಿಸಬೇಕು?

ಬರೀ ಕಾವೇರಿ ನೀರಾದರೆ ಬ್ಯಾಕ್ಟೀರಿಯಾ ಮತ್ತು ಕದಡು ಸಾಕು. ಬೋರ್ ಅಥವಾ ಟ್ಯಾಂಕರ್ ಸೇರಿದ್ದರೆ ನೈಟ್ರೇಟ್, ಫ್ಲೋರೈಡ್, ಗಡಸುತನ, ಕಬ್ಬಿಣ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಸೇರಿಸಿ. ಪೀಣ್ಯದ ಸುತ್ತಮುತ್ತಲ ಬೋರ್ ಆದರೆ ಕ್ರೋಮಿಯಂ ಕೂಡ ಕೇಳಿ. ಅಲ್ಲಿನ ಅಂತರ್ಜಲಕ್ಕೆ ಕಾರ್ಖಾನೆಗಳ ಕ್ರೋಮಿಯಂ ಸೇರಿರುವುದು ಹಳೆಯ ಸಮಸ್ಯೆ. ಉಳಿದವರಿಗೆ ‘ಫುಲ್ ಪ್ಯಾಕೇಜ್’ ಬೇಡ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರಷ್ಟೇ ಸಾಲದು. ನಿಮಗೆ ಬೇಕಾದ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿದೆಯಾ ಎಂದು ಕೇಳಿ.

ಟಿಡಿಎಸ್ ಪೆನ್ನನ್ನು ನಂಬಿ ಕೂತವರಿಗೆ ಒಂದು ಮಾತು. ಆ ಪೆನ್ನು ತೋರಿಸುವುದು ಕರಗಿದ ಲವಣದ ಅಂದಾಜು ಅಷ್ಟೇ. ಚರಂಡಿ ನೀರು ಸ್ವಲ್ಪ ಸೇರಿದ ಕಾವೇರಿ ನೀರಿಗೂ ಅದು ಒಳ್ಳೆಯ ಅಂಕಿಯನ್ನೇ ಕೊಡಬಹುದು. ಇನ್ನು ಮನೆಗೆ ಬಂದು ಒಂದು ಲೋಟದಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಆರ್‌ಒ ಫಿಲ್ಟರಿನ ನೀರು ಇಟ್ಟು, ಎರಡಕ್ಕೂ ಕರೆಂಟ್ ಬಿಟ್ಟು, ‘ನೋಡಿ ಮೇಡಂ, ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿತು’ ಎನ್ನುವ ಸೇಲ್ಸ್‌ಮನ್. ಆ ಕಂದು ಬಣ್ಣ ಅವನ ಯಂತ್ರದ ಕಬ್ಬಿಣದ ಕಡ್ಡಿ ಕರಗಿದ್ದು. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಅದು ತಿಳಿಯಾಗಿ ಉಳಿಯುತ್ತದೆ. ಅವನ ಎದುರಲ್ಲೇ ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಅದೂ ಬಣ್ಣ ಬದಲಿಸುತ್ತದೆ. ಅವನ ಮುಖವೂ.

ಹಂತ 3: ಸ್ಯಾಂಪಲ್ ಹಿಡಿಯುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕ್ರಿಮಿರಹಿತ ಬಾಟಲಿ ಕೊಡುತ್ತಾರೆ. ಹಿಂದಿನ ದಿನವೇ ಹೋಗಿ ತನ್ನಿ. ಅದರ ತಳದಲ್ಲಿ ಚೂರು ಬಿಳಿ ಪುಡಿಯೋ ಒಂದೆರಡು ಹನಿಯೋ ಕಾಣಬಹುದು. ‘ಅಯ್ಯೋ, ತೊಳೆದಿಲ್ಲ’ ಎಂದು ತೊಳೆಯಬೇಡಿ! ಅದು ಸೋಡಿಯಂ ಥಯೋಸಲ್ಫೇಟ್. ನೀರಿನಲ್ಲಿ ಉಳಿದ ಕ್ಲೋರಿನ್ನಿನ ಕೆಲಸವನ್ನು ಅಲ್ಲೇ ನಿಲ್ಲಿಸುತ್ತದೆ. ಅದಿಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತಲೇ ಇರುತ್ತದೆ, ರಿಪೋರ್ಟ್ ಸುಳ್ಳೇ ಚೆನ್ನಾಗಿ ಬರುತ್ತದೆ.

ಈಗ ನಲ್ಲಿ. ಬಾಯಿಗೆ ಬಟ್ಟೆ ಕಟ್ಟಿದ್ದೀರಾ? ಬಿಚ್ಚಿ. ವಾರಗಟ್ಟಲೆ ಒದ್ದೆಯಾಗಿ ತೂಗುವ ಆ ಬಟ್ಟೆಯಷ್ಟು ಗಲೀಜು ವಸ್ತು ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಟೆಸ್ಟ್ ಆದ ಮೇಲೂ ಮತ್ತೆ ಕಟ್ಟಬೇಡಿ. ನಲ್ಲಿ ತುದಿಯಲ್ಲಿ ಜಾಲರಿ ಇದ್ದರೆ ತಿರುಗಿಸಿ ತೆಗೆಯಿರಿ. ಬುಡದಲ್ಲಿ ಸೋರುವ ನಲ್ಲಿಯಾದರೆ ಬೇರೆ ನಲ್ಲಿ ಹುಡುಕಿ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ನಲ್ಲಿ ಬಾಯಿಯ ಒಳಗೆ ಹೊರಗೆ ಒರೆಸಿ. ಬೆಂಕಿ ಹಚ್ಚಿ ಸುಡುವ ಪದ್ಧತಿಯೂ ಉಂಟು. ಮನೆಯಲ್ಲಿ ಬೇಡ, ಒರೆಸಿದರೆ ಸಾಕು. ಆಮೇಲೆ ಎರಡು ಮೂರು ನಿಮಿಷ ನೀರು ಬಿಡಿ. ಬಕೆಟ್ ಇಟ್ಟರೆ ಗಿಡಕ್ಕಾಗುತ್ತದೆ. ನಂತರ ಹರಿವನ್ನು ಸಣ್ಣಗೆ ಮಾಡಿ, ಮತ್ತೆ ನಲ್ಲಿ ಮುಟ್ಟಬೇಡಿ.

ಬಾಟಲಿ ಮೇಲೆ ಜಾಗ, ದಿನ, ಸಮಯವನ್ನು ಮೊದಲೇ ಬರೆಯಿರಿ. ಒದ್ದೆಯಾದ ಮೇಲೆ ಪೆನ್ನು ಓಡುವುದಿಲ್ಲ. ಸೋಪಿನಿಂದ ಕೈ ತೊಳೆಯಿರಿ. ಮುಚ್ಚಳ ತೆಗೆದು ಕಟ್ಟೆಯ ಮೇಲೆ ಇಡಬೇಡಿ. ಒಳಭಾಗ ಕೆಳಮುಖವಾಗಿರುವಂತೆ ಇನ್ನೊಂದು ಕೈಯಲ್ಲೇ ಹಿಡಿದುಕೊಳ್ಳಿ. ಬಾಟಲಿಯ ಅಂಚು ನಲ್ಲಿಗೂ ತಾಗಬಾರದು, ಬೆರಳಿಗೂ ತಾಗಬಾರದು. ಮಾತಾಡುತ್ತಾ ಹಿಡಿಯಬೇಡಿ. ಭುಜದವರೆಗೆ ತುಂಬಿಸಿ, ಮೇಲೆ ಒಂದು ಇಂಚು ಖಾಲಿ ಬಿಡಿ, ತಕ್ಷಣ ಮುಚ್ಚಿ. ಆ ಖಾಲಿ ಜಾಗ ಇದ್ದರೆ ಪ್ರಯೋಗಾಲಯದವರಿಗೆ ಅಲುಗಾಡಿಸಲು ಅನುಕೂಲ.

ಕೆಮಿಕಲ್ ಪರೀಕ್ಷೆಯ ಬಾಟಲಿಗೆ ನಿಯಮ ತದ್ವಿರುದ್ಧ. ಮಿನರಲ್ ವಾಟರ್ ಬಂದಿದ್ದ ಎರಡು ಲೀಟರ್ ಬಾಟಲಿ ನಡೆಯುತ್ತದೆ. ಅದನ್ನು ಅದೇ ನಲ್ಲಿಯ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ, ಕಂಠಪೂರ್ತಿ ತುಂಬಿಸಿ. ಸೋಪು ಬೇಡ. ಜನ ಸಾಮಾನ್ಯವಾಗಿ ಅದಲು ಬದಲು ಮಾಡುತ್ತಾರೆ. ತೊಳೆಯಬಾರದ್ದನ್ನು ತೊಳೆಯುತ್ತಾರೆ, ತೊಳೆಯಬೇಕಾದ್ದನ್ನು ಹಾಗೇ ತುಂಬಿಸುತ್ತಾರೆ.

ಬ್ಯಾಕ್ಟೀರಿಯಾ ಬಾಟಲಿಯನ್ನು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಒಯ್ಯಿರಿ. ಫ್ರೀಜರ್‌ಗೆ ಹಾಕಬೇಡಿ. ಆರು ಗಂಟೆಯೊಳಗೆ ತಲುಪಿಸುವುದು ಒಳ್ಳೆಯದು, 24 ಗಂಟೆ ದಾಟಿದರೆ ಎಸೆಯಿರಿ. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಟ್ಟು ಊರೆಲ್ಲ ಸುತ್ತಿದ ನೀರಿನಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡಿರುತ್ತದೆ. ಶನಿವಾರ ಮಧ್ಯಾಹ್ನ ಹಿಡಿಯಬೇಡಿ. ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಹಿಡಿಯಿರಿ.

ಕ್ಲೋರಿನ್ ಮಾತ್ರ ಬಾಟಲಿಯಲ್ಲಿ ಉಳಿಯುವುದಿಲ್ಲ. ಅದನ್ನು ನಲ್ಲಿಯ ಹತ್ತಿರವೇ ಹನಿ ಕಿಟ್‌ನಿಂದ ನೋಡಬೇಕು. ಹಳದಿ ಬಣ್ಣ ಬರುವ ಕಿಟ್ ಇದೆ, ಗುಲಾಬಿ ಬಣ್ಣ ಬರುವುದೂ ಇದೆ. ನಾನು ಗುಲಾಬಿಯ ಪಕ್ಷ. ಮಸುಕು ಹಳದಿಯನ್ನು ಗುರುತಿಸುವುದು ಕಷ್ಟ.

ಇಷ್ಟೆಲ್ಲ ಆಗುವುದಿಲ್ಲ ಎನ್ನುವವರಿಗೆ ಒಂದು ಒಳದಾರಿ ಇದೆ. ಎಚ್‌2ಎಸ್ ಪರೀಕ್ಷೆಯ ಪುಟ್ಟ ಬಾಟಲಿ. ಗುರುತಿನವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಡಿ. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲದ ಕೊಳಕು ಸೇರಿರುವ ಅನುಮಾನ ಬಲವಾಗಿದೆ ಎಂದರ್ಥ. ಕಪ್ಪಾಗದಿದ್ದರೆ ನೀರು ಸರಿಯಿದೆ ಎಂಬ ಸರ್ಟಿಫಿಕೇಟ್ ಅಲ್ಲ.

ಹಂತ 4: ರಿಪೋರ್ಟ್ ಓದುವುದು

ಹೋಲಿಸಬೇಕಾದ್ದು ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ಕ್ಕೆ. 100 ಮಿಲಿ ಲೀಟರ್‌ನಲ್ಲಿ ಮಲದ ಕೊಳಕನ್ನು ತೋರಿಸುವ ಬ್ಯಾಕ್ಟೀರಿಯಾ ಇ. ಕೋಲಿ ಒಂದೂ ಇರಬಾರದು. ‘ಸ್ವಲ್ಪ ಇದೆ, ಪರವಾಗಿಲ್ಲ’ ಎನ್ನುವ ಮಾತೇ ಇಲ್ಲ. ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು, ಇದಕ್ಕೂ ರಿಯಾಯಿತಿ ಇಲ್ಲ. ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಟಿಡಿಎಸ್ 500, ಗತಿ ಇಲ್ಲದಿದ್ದರೆ 2000. ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ. ಕ್ಲೋರಿನ್ ವಾಸನೆ ಬಂತು ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸ್ವಲ್ಪ ವಾಸನೆ ಬಂದರೆ ಖುಷಿಪಡಿ.

ಹಂತ 5: ಕೆಟ್ಟಿದ್ದರೆ

ಇ. ಕೋಲಿ ಬಂದರೆ ಅವತ್ತಿನಿಂದಲೇ ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಗ್ಯಾಸ್ ಸುಮ್ನೆ ಉರಿಸಬೇಡಿ. ಆದರೆ ನೈಟ್ರೇಟ್‌ಗೂ ಫ್ಲೋರೈಡ್‌ಗೂ ಕುದಿಸುವುದು ಮದ್ದಲ್ಲ. ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ನೈಟ್ರೇಟ್ ಜಾಸ್ತಿ ಇರುವ ನೀರನ್ನು ಆರು ತಿಂಗಳೊಳಗಿನ ಮಗುವಿನ ಹಾಲಿನ ಪುಡಿಗೆ ಖಂಡಿತ ಬಳಸಬೇಡಿ. ಆರ್‌ಒಗೆ ಖರ್ಚು ಮಾಡಬೇಕಾದ್ದು ಇಂಥ ನೀರಿಗೆ. ಟಿಡಿಎಸ್ ಕಡಿಮೆ ಇರುವ ಕಾವೇರಿ ನೀರಿಗೆ ಆರ್‌ಒ ಹಾಕಿ ಬಕೆಟ್‌ಗಟ್ಟಲೆ ನೀರು ಚರಂಡಿಗೆ ಬಿಡುವುದು ದಡ್ಡತನ. ಅದಕ್ಕೆ ಯುವಿ ಫಿಲ್ಟರ್ ಸಾಕು.

ಸಂಪು ತೊಳೆಸುವಾಗ ಮೋಟಾರಿನ ಕರೆಂಟ್ ತೆಗೆಯಿರಿ. ಮುಚ್ಚಳ ಗಂಟೆಗಟ್ಟಲೆ ತೆರೆದಿಡಿ. ಒಬ್ಬರನ್ನೇ ಇಳಿಸಬೇಡಿ. ಒಳಗೆ ಗಾಳಿಯಿಲ್ಲದೆ ಪ್ರಾಣ ಹೋದ ಪ್ರಕರಣಗಳು ನಮ್ಮ ಊರಲ್ಲೇ ಇವೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಸೇರಿದರೆ ವಿಷಗಾಳಿ ಬರುತ್ತದೆ. ಸಂಪಿನ ಉದ್ದ, ಅಗಲ ಮತ್ತು ನೀರಿನ ಆಳವನ್ನು ಅಡಿಯಲ್ಲಿ ಗುಣಿಸಿ, 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ತಿಳಿ ನೀರಿಗೆ ಪ್ರತಿ ಸಾವಿರ ಲೀಟರ್‌ಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಅಂದಾಜಿಗೆ ಮುಷ್ಟಿ ಸುರಿಯಬೇಡಿ, ತೂಕ ಮಾಡಿ. ಕಳೆದ ವರ್ಷ ಬಿಚ್ಚಿಟ್ಟ ಪ್ಯಾಕೆಟ್ ಆದರೆ ಅದರಲ್ಲಿ ಸುಣ್ಣವಷ್ಟೇ ಉಳಿದಿರುತ್ತದೆ, ಹೊಸದು ತನ್ನಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಒಂದು ಗಂಟೆ ಬಿಟ್ಟು ಮೋಟಾರ್ ಹಾಕಿ.

ಲೈನ್ ನೀರೇ ಕೆಟ್ಟಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೈಲಿರಲಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಅಕ್ಕಪಕ್ಕದ ಮನೆಯವರಿಂದಲೂ ಫೋನ್ ಮಾಡಿಸಿ. ಎಲ್ಲೆಲ್ಲಿ ಕೆಟ್ಟ ನೀರು ಬರುತ್ತಿದೆ ಎಂದು ತಿಳಿದರೆ ಪೈಪ್ ಎಲ್ಲಿ ಒಡೆದಿದೆ ಎಂದು ಹುಡುಕುವುದು ಸುಲಭ. ರಿಪೇರಿ ಆಗುವವರೆಗೆ ಸಂಪಿನ ವಾಲ್ವ್ ಮುಚ್ಚಿಡಿ, ನೀರು ಬಂದ ಮೊದಲ ಹತ್ತು ನಿಮಿಷದ್ದನ್ನು ಗಿಡಕ್ಕೆ ಬಿಡಿ.